ಹೇರೋಹಳ್ಳಿ ಕೆರೆಯ ಬಿಸಿನೀರು

ಮೊದಲೇ ಹೇಳಿಬಿಡುತ್ತೇನೆ. ದೆವ್ವ, ಶಕುನ, ಪವಾಡ ಇವು ಯಾವುದರಲ್ಲೂ ನನಗೆ ನಂಬಿಕೆ ಇರಲಿಲ್ಲ. ಹೈಸ್ಕೂಲಿನಲ್ಲಿ ಭೂಗೋಳ ಪಾಠ ಮಾಡುತ್ತಿದ್ದವಳು ನಾನು. ಬೆಕ್ಕು ಅಡ್ಡ ಬಂತೆಂದು ತಡವಾಗಿ ಬಂದ ಹುಡುಗಿಯನ್ನು ಬೆಂಚಿನ ಮೇಲೆ ನಿಲ್ಲಿಸಿದ್ದೂ ಉಂಟು. ಯಾರಾದರೂ ಇಂಥ ಕಥೆ ತೆಗೆದರೆ, ಪಾಪ, ಇವರಿಗೆ ರಾತ್ರಿ ತಿಂದದ್ದು ಅರಗಿಲ್ಲ ಎಂದು ಮನಸ್ಸಿನಲ್ಲೇ ತೀರ್ಮಾನ ಮಾಡುತ್ತಿದ್ದೆ. ಈಗ ನೀವು ನನ್ನ ಬಗ್ಗೆಯೂ ಹಾಗೆಯೇ ತೀರ್ಮಾನಿಸಿದರೆ ನನಗೆ ಬೇಸರವಿಲ್ಲ.

ಎಪ್ಪತ್ತರ ದಶಕದ ನಡುವಿನ ಮಾತು. ನಮ್ಮ ಮನೆ ರಾಜಾಜಿನಗರದಲ್ಲಿತ್ತು. ಅಪ್ಪ ತೀರಿಕೊಂಡಿದ್ದರು, ಮನೆಯಲ್ಲಿ ಅಮ್ಮ, ಅತ್ತಿಗೆ, ನಾನು. ಅಣ್ಣ ಸರಕು ಹಡಗಿನಲ್ಲಿ ಇಂಜಿನ್ ಕೆಲಸಕ್ಕಿದ್ದ. ಅವನ ಹಡಗು ಬಾಳೆಹಣ್ಣು ತುಂಬಿಕೊಳ್ಳಲು ಡೊಮಿನಿಕಾ ಎಂಬ ಪುಟ್ಟ ದ್ವೀಪಕ್ಕೆ ಹೋಗುತ್ತಿತ್ತು. ಕೆರಿಬಿಯನ್ ಸಮುದ್ರದಲ್ಲಿದೆ, ಭೂಪಟದಲ್ಲಿ ಇರುವೆಯೊಂದು ಕೂತರೆ ಮುಚ್ಚಿಹೋಗುವಷ್ಟು ಜಾಗ. ಈಗ ಅದು ಸ್ವತಂತ್ರ ದೇಶ. ಆಗಿನ್ನೂ ಬ್ರಿಟಿಷರ ಬಾವುಟವೇ ಹಾರುತ್ತಿತ್ತು.

ರಜಕ್ಕೆ ಬಂದಾಗ ಅಣ್ಣ ಮಹಡಿಯ ಮೇಲೆ ಕೂತು ನನಗೆ ಆ ದ್ವೀಪವನ್ನು ವರ್ಣಿಸುತ್ತಿದ್ದ. "ಬರೀ ಬೆಟ್ಟ ಕಣೇ. ಸಮತಟ್ಟಾಗಿ ಒಂದು ಮೈದಾನ ಸಿಗಲ್ಲ, ಆದ್ರೂ ಕ್ರಿಕೆಟ್ ಆಡ್ತಾರೆ. ಬಾಲ್ ಕಣಿವೆಗೆ ಬಿದ್ರೆ ಆಟ ಮುಗೀತು," ಎಂದು ನಗುತ್ತಿದ್ದ. ಅಲ್ಲಿನ ಮರಳು ಕಪ್ಪಂತೆ. ಯುರೋಪಿನ ನಾವಿಕರು ಭಾನುವಾರ ಕಂಡದ್ದರಿಂದ ದ್ವೀಪಕ್ಕೆ ಆ ಹೆಸರು ಬಂತಂತೆ. ಮೂಲದ ಕರಿಬ್ ಜನ ಮಾತ್ರ ಅದನ್ನು 'ಅವಳ ಮೈ ಎತ್ತರ' ಎನ್ನುವ ಅರ್ಥದ ಮಾತಿನಲ್ಲಿ ಕರೆಯುತ್ತಿದ್ದರು. ಬೆಟ್ಟಗಳ ಮರೆಯಲ್ಲಿ ನಿಂತು ಬಹುಕಾಲ ಬಿಳಿಯರಿಗೆ ಸೊಪ್ಪು ಹಾಕದ ಜನ ಅವರು. ಆಮೇಲೆ ಫ್ರೆಂಚರು ಬಂದರು, ಇಂಗ್ಲಿಷರು ಬಂದರು, ಆಫ್ರಿಕಾದಿಂದ ಗುಲಾಮರನ್ನು ತಂದರು. ಆಡಳಿತ ಇಂಗ್ಲಿಷಿನಲ್ಲಿ, ಸಂತೆಯ ಜಗಳ ಫ್ರೆಂಚ್ ಬೆರೆತ ಇನ್ನೊಂದು ಭಾಷೆಯಲ್ಲಿ. "ನಮ್ಮ ಬೆಂಗಳೂರಿನ ಹಾಗೇ ಬಿಡು," ಎಂದಿದ್ದ ಅಣ್ಣ.

ಕೊನೆಯ ಸಲ ಬಂದಾಗ ಇನ್ನೊಂದು ಮಾತು ಹೇಳಿದ. ಆ ಬೆಟ್ಟಗಳ ನೆತ್ತಿಯಲ್ಲಿ ಕುದಿಯುವ ಕೆರೆಯೊಂದಿದೆ. ಬೂದು ಬಣ್ಣದ ನೀರು ಅನ್ನದ ಗಂಜಿಯಂತೆ ಕೊತಕೊತ ಕುದಿಯುತ್ತಿರುತ್ತದೆ, ಗಂಧಕದ ವಾಸನೆ, ಹಬೆ. ಮುಂದಿನ ಸಲ ಹತ್ತಿ ನೋಡಿಯೇ ತೀರುತ್ತೇನೆ ಎಂದ. "ಅಮ್ಮಂಗೆ, ನಿಮ್ಮತ್ತಿಗೆಗೆ ಹೇಳ್ಬೇಡ, ಸುಮ್ನೆ ಹೆದರ್ಕೋತಾರೆ," ಎಂದೂ ಸೇರಿಸಿದ. ಮುಂದಿನ ಪ್ರಯಾಣದಲ್ಲಿ ಆ ದ್ವೀಪದಲ್ಲಿ ಹಡಗಿನಿಂದ ಇಳಿದವನು ಮತ್ತೆ ಹಡಗು ಹತ್ತಲಿಲ್ಲ. ಹುಡುಕಿಸಿದರಂತೆ; ಸುಳಿವು ಸಿಗಲಿಲ್ಲವಂತೆ.

ಮೂರು ನಾಲ್ಕು ವರ್ಷ ಕಳೆಯಿತು. ಅಮ್ಮ ಹಾಸಿಗೆ ಹಿಡಿದರು. ಕಾಣೆಯಾದವರಿಗೆ ಹನ್ನೆರಡು ವರ್ಷ ಕಾದು ಕರ್ಮ ಮಾಡಬೇಕೆನ್ನುವುದು ನಮ್ಮವರ ಪದ್ಧತಿ. ಆದರೆ ದೊಡ್ಡಪ್ಪ ಯಾರೋ ಜೋಯಿಸರನ್ನು ಕೇಳಿಕೊಂಡು ಬಂದು, "ಅವನ ಜೀವ ಅಲೀತಾ ಇದೆಯಂತಮ್ಮ, ಅದಕ್ಕೇ ನಿಮ್ಮಮ್ಮನ ಕಾಯಿಲೆ ವಾಸಿ ಆಗ್ತಿಲ್ಲ. ಮುಗಿಸಿಬಿಡೋಣ," ಎಂದರು. ನಾನು ಕೂಗಾಡಿದೆ. ಕರ್ಮ ಮುಗಿದರೆ ಅತ್ತಿಗೆಯ ಕುಂಕುಮ, ಬಳೆ, ತಾಳಿ ಎಲ್ಲ ಹೋಗುತ್ತವೆ. ಇನ್ನೂ ಮೂವತ್ತು ತುಂಬದ ಹೆಂಗಸು. ಆದರೆ ಅತ್ತಿಗೆಯೇ, "ಅತ್ತೆ ಉಳೀಲಿ," ಎಂದು ಒಪ್ಪಿಕೊಂಡುಬಿಟ್ಟರು. ನನಗೆ ಅತ್ತಿಗೆಯ ಮೇಲೂ ಸಿಟ್ಟು ಬಂತು.

ಮಾರ್ಗಶಿರದ ಒಂದು ಬೆಳಿಗ್ಗೆ ಬಾಡಿಗೆ ವ್ಯಾನಿನಲ್ಲಿ ಹೇರೋಹಳ್ಳಿ ಕೆರೆಗೆ ಹೋದೆವು. ಆಗ ಹೇರೋಹಳ್ಳಿ ಬೆಂಗಳೂರಿನ ಹೊರಗೆ ರಾಗಿ ಹೊಲಗಳ ನಡುವಿನ ಹಳ್ಳಿ. ಬಳೆ, ತಾಳಿ ತೆಗೆಸುವುದನ್ನೂ ಅಂದೇ ಮುಗಿಸಬೇಕೆಂದು ಅತ್ತಿಗೆಯನ್ನೂ ಕರೆದುಕೊಂಡು ಹೋಗಿದ್ದರು. ಹೆಂಗಸರು ಬರುವ ಜಾಗವಲ್ಲವೆಂದರೂ ನಾನು ಅವರ ಕೈ ಬಿಡದೆ ಹೊರಟೆ. ಪುರೋಹಿತರು ದರ್ಭೆಯಲ್ಲಿ ಮನುಷ್ಯಾಕಾರ ಕಟ್ಟಿ, ಮುತ್ತುಗದ ಎಲೆ ಸುತ್ತಿ, ಸೌದೆಯ ಮೇಲೆ ಮಲಗಿಸಿದರು. ಅದೇ ನನ್ನ ಅಣ್ಣ ಎಂದುಕೊಳ್ಳಬೇಕಿತ್ತು.

ಕರ್ಮ ಮಾಡುವವರು ಕೆರೆಯಲ್ಲಿ ಮುಳುಗಿ, ಒದ್ದೆ ಬಟ್ಟೆಯಲ್ಲೇ ಬಂದು ಕೊಳ್ಳಿ ಇಡಬೇಕು. ದೊಡ್ಡಪ್ಪ ನೀರಿಗೆ ಕಾಲಿಟ್ಟವರೇ "ಅಯ್ಯಯ್ಯೋ!" ಎಂದು ಹಿಂದಕ್ಕೆ ಬಿದ್ದರು. ಚಳಿಗೆ ಹೆದರಿದರೆಂದು ಪುರೋಹಿತರು ನಕ್ಕರು. ಆಮೇಲೆ ತಾವೇ ನೀರು ಮುಟ್ಟಿ ಸರಕ್ಕನೆ ಕೈ ಎಳೆದುಕೊಂಡರು. "ಸುಡ್ತಾ ಇದೆಯಲ್ರೀ," ಎಂದರು. ಅವರ ಮುಖದಲ್ಲಿ ನಗು ಇರಲಿಲ್ಲ.

ಆಗ ನೋಡಿದೆ. ಮಂಜು ಎಂದುಕೊಂಡಿದ್ದದ್ದು ಹಬೆಯಾಗಿತ್ತು. ದಡದ ನೀರು ಬೂದುಬಣ್ಣಕ್ಕೆ ತಿರುಗಿ ತಳದಿಂದ ಗುಳ್ಳೆ ಏಳುತ್ತಿತ್ತು. ಶಾಲೆಯ ಪ್ರಯೋಗಶಾಲೆಯಲ್ಲಿ ಮೂಗಿಗೆ ಹೊಡೆಯುವ ಗಂಧಕದ ವಾಸನೆ ಬಂತು. ಬೆಂಗಳೂರಿನ ಅಡಿಯಲ್ಲಿರುವುದು ತಣ್ಣಗಾಗಿ ಯುಗಗಳೇ ಕಳೆದ ಕಗ್ಗಲ್ಲು, ಇಲ್ಲಿ ಬಿಸಿನೀರಿನ ಬುಗ್ಗೆ ಬರಲು ಸಾಧ್ಯವೇ ಇಲ್ಲವೆಂದು ವರ್ಷವರ್ಷವೂ ಪಾಠ ಮಾಡಿದವಳು ನಾನು. ಬಗ್ಗಿ ಬೆರಳದ್ದಿದೆ. ಸುಟ್ಟೇ ಹೋಯಿತು. ಸಂಜೆಗೆ ಎರಡು ಬೆರಳಲ್ಲಿ ಬೊಬ್ಬೆ ಎದ್ದಿತ್ತು, ಆದ್ದರಿಂದ ಕನಸೆಂದು ತಳ್ಳಿಹಾಕುವಂತಿಲ್ಲ. ಆಚೆ ದಡದಲ್ಲಿ ಎಮ್ಮೆಗಳು ಹಾಯಾಗಿ ನೀರಿನಲ್ಲಿ ಬಿದ್ದುಕೊಂಡಿದ್ದವು. ನಾವೂ ಏರಿಯ ಮೇಲೆ ನಡೆದು ಅಲ್ಲಿಗೇ ಹೋದೆವು. ದೊಡ್ಡಪ್ಪ ಕಾಲಿಡುವ ಹೊತ್ತಿಗೆ ಎಮ್ಮೆಗಳು ದಡಬಡನೆ ಎದ್ದು ಓಡಿದವು. ಅಲ್ಲಿಯೂ ಹಬೆ ಏಳತೊಡಗಿತು.

ಅಷ್ಟರಲ್ಲಿ ಅತ್ತಿಗೆ ನನ್ನ ಕೈ ಬಿಡಿಸಿಕೊಂಡು ಸೀದಾ ನೀರಿಗಿಳಿದರು. "ಅತ್ತಿಗೇ, ಬೇಡಾ!" ಎಂದು ಕಿರುಚಿದೆ. ಮೊಣಕಾಲುದ್ದ ನೀರಿನಲ್ಲಿ, ಸುತ್ತ ಗುಳ್ಳೆ ಏಳುತ್ತಿದ್ದ ಜಾಗದಲ್ಲಿ ನಿಂತು ಅವರು ನಮ್ಮತ್ತ ತಿರುಗಿದರು.

"ಯಾಕೆ ಎಲ್ಲ ಹೀಗೆ ಹೆದರ್ಕೋತಿದೀರಾ? ತಣ್ಣಗೆ ಕೊರೀತಾ ಇದೆಯಲ್ಲ," ಎಂದರು.

ಪುರೋಹಿತರು ಕೈ ಮುಗಿದುಬಿಟ್ಟರು. "ಯಜಮಾನ್ರೇ, ಇದು ನನ್ನ ಕೈಲಾಗೋದಲ್ಲ. ಕಾಯ್ಬೇಕಿತ್ತು, ಅವಸರ ಮಾಡಿದ್ವಿ," ಎಂದು ದರ್ಭೆಯ ಆಕಾರವನ್ನು ಬಿಚ್ಚಿ ಗಾಳಿಗೆ ತೂರಿದರು. ನಾನು ಅತ್ತಿಗೆಯನ್ನು ದಡಕ್ಕೆ ಎಳೆದು ಕಾಲು ನೋಡಿದೆ. ಕೆಂಪು ಕೂಡ ಆಗಿರಲಿಲ್ಲ. ಮುಟ್ಟಿದರೆ ಮಂಜುಗಡ್ಡೆಯಂತೆ ತಣ್ಣಗಿತ್ತು.

ಮನೆಗೆ ಬಂದ ಮೇಲೆ ದೊಡ್ಡಪ್ಪ, "ಹುಡುಗ ಬದುಕಿದಾನೆ. ಅದಕ್ಕೇ ಗಂಗಮ್ಮ ಒಪ್ಪಲಿಲ್ಲ," ಎಂದು ಸಾರಿಬಿಟ್ಟರು. ಅಮ್ಮ ಎದ್ದು ಕೂತು ಸಾರನ್ನ ಕೇಳಿ ತಿಂದರು. ಅಲ್ಲಿಂದ ಚೇತರಿಸಿಕೊಂಡು ಇನ್ನೂ ಹಲವು ವರ್ಷ ಬದುಕಿದರು. ಅಣ್ಣ ಮಾತ್ರ ಬರಲಿಲ್ಲ. ನಮ್ಮ ಶಾಲೆಯ ವಿಜ್ಞಾನದ ಮೇಷ್ಟ್ರು ಯಾರೋ ಸುಣ್ಣ ಸುರಿದಿರಬೇಕೆಂದರು. ನಾನು ಥರ್ಮಾಮೀಟರ್ ಹಿಡಿದು ಮತ್ತೆ ಹೋಗಿ ನೋಡಿದೆ. ಎಲ್ಲ ಕೆರೆಗಳಂತೆ ಅದೂ ಒಂದು ಕೆರೆ. ಸುಣ್ಣವೇ ಎಂದುಕೊಂಡರೂ ಅತ್ತಿಗೆಯ ಕಾಲಿಗೆ ನಾನು ಏನು ಕಾರಣ ಹೇಳಲಿ? ಆಗಲೂ ಹೊಳೆಯಲಿಲ್ಲ, ಇವತ್ತಿಗೂ ಹೊಳೆದಿಲ್ಲ.

ಮನೆಯವರೆಲ್ಲ ಖುಷಿಯಲ್ಲಿದ್ದಾಗ ನನಗೊಬ್ಬಳಿಗೆ ನಿದ್ದೆ ಇರಲಿಲ್ಲ. ಕುದಿಯುವ ಕೆರೆಯ ವಿಷಯ ಗೊತ್ತಿದ್ದದ್ದು ನನಗೆ ಮಾತ್ರ. ಆ ನೀರು ಅಣ್ಣ ಬದುಕಿದ್ದಾನೆಂದು ಹೇಳಿತೋ, ಅವನು ಎಲ್ಲಿ ಹೋದನೆಂದು ತೋರಿಸಿತೋ? ಕೆಲವು ದಿನ ತಡೆದು, ಒಂದು ಮಧ್ಯಾಹ್ನ ಹುರುಳಿಕಾಯಿ ಬಿಡಿಸುತ್ತಿದ್ದ ಅತ್ತಿಗೆಯ ಮುಂದೆ ಕೂತು ಎಲ್ಲವನ್ನೂ ಹೇಳಿಬಿಟ್ಟೆ. ಅಳುತ್ತಾರೆ, ನನ್ನ ಮೇಲೆ ರೇಗುತ್ತಾರೆ ಎಂದುಕೊಂಡಿದ್ದೆ. ಅವರು ಕೈಯಲ್ಲಿದ್ದ ಕಾಯಿ ಕೆಳಗಿಟ್ಟು ತಮ್ಮ ಪಾದಗಳನ್ನು ನೋಡಿಕೊಂಡರು.

"ಹಾಗಾದ್ರೆ ಅವರಿಗೂ ಸುಟ್ಟಿರಲ್ಲ ಬಿಡು," ಎಂದರು.