ಮೂರನೇ ಸಾಲಿನ ಕೊನೆಯ ಹೆಂಗಸು

ನಾನು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದವನು. ಕಣ್ಣಿಗೆ ಕಂಡದ್ದನ್ನಷ್ಟೇ ಬರೆಯಿರಿ, ಇಲ್ಲದ್ದನ್ನು ಸೇರಿಸಬೇಡಿ ಎಂದು ಮಕ್ಕಳಿಗೆ ಹೇಳುತ್ತಲೇ ನಿವೃತ್ತನಾದೆ. ದೆವ್ವ, ಗಾಳಿ, ಶಕುನ ಎಂದು ಯಾರಾದರೂ ಬಾಯಿ ಬಿಟ್ಟರೆ ಮೊದಲು ನಗುತ್ತಿದ್ದವನು ನಾನೇ. ಬಳ್ಳಾರಿಯ ಪಾರ್ವತಿನಗರದ ನಮ್ಮ ಮನೆಯ ಬಾಗಿಲಿಗೆ ಹೆಂಡತಿ ಕಟ್ಟಿದ ನಿಂಬೆಹಣ್ಣನ್ನು ಬಿಚ್ಚಿ ಪಾನಕ ಮಾಡಿ ಕುಡಿದದ್ದೂ ಉಂಟು. ಆಕೆ ಎರಡು ದಿನ ಮಾತು ಬಿಟ್ಟಿದ್ದಳು. ಈಗ ನಾನು ಯಾರನ್ನೂ ನೋಡಿ ನಗುವುದಿಲ್ಲ. ನಂಬಿಕೆ ಬಂತೇ ಎಂದು ಕೇಳಿದರೆ ಬಂದಿಲ್ಲ ಎಂದೇ ಹೇಳುತ್ತೇನೆ. ಆದರೂ ಆ ವರ್ಷ ನಡೆದದ್ದನ್ನು ಎಷ್ಟು ಸಲ ತಿರುವಿ ಹಾಕಿದರೂ ಲೆಕ್ಕಕ್ಕೆ ಸಿಗುತ್ತಿಲ್ಲ. ಇದ್ದದ್ದು ಇದ್ದಂತೆ ಬರೆಯುತ್ತೇನೆ, ನೀವು ಏನಾದರೂ ಅಂದುಕೊಳ್ಳಿ.

ಕುರುಗೋಡಿನಲ್ಲಿ ಹಳೆಯ ಶಾಲೆಯ ಎರಡು ಕೋಣೆ ಖಾಲಿ ಬಿದ್ದಿದ್ದವು. ಕಾಲೇಜಿನಲ್ಲಿ ಇತಿಹಾಸ ಹೇಳುವ ತಿಪ್ಪೇಸ್ವಾಮಿ ಓಡಾಡಿ, ಅರ್ಜಿ ಬರೆದು, ಅವನ್ನು ಪಡೆದುಕೊಂಡ. ನಮ್ಮ ಸೀಮೆಯ ಜನ ಬಳಸಿ ಬಿಟ್ಟ ಸಾಮಾನು, ಹಳೆಯ ಫೋಟೋ, ಹಿರಿಯರ ಮಾತು ಎಲ್ಲವನ್ನೂ ಕೂಡಿಡುವ ಒಂದು ಸಣ್ಣ ಮ್ಯೂಸಿಯಂ ಮಾಡಬೇಕೆಂದು ಅವನ ಆಸೆ. ನನ್ನ ಅಕ್ಷರ ದುಂಡಗಿದೆ ಎಂಬ ಒಂದೇ ಕಾರಣಕ್ಕೆ ನನ್ನನ್ನೂ ಎಳೆದುಕೊಂಡ. ಪ್ರತಿ ವಸ್ತುವಿನ ಕೆಳಗೆ ಇಡುವ ಕಾರ್ಡು ಬರೆಯುವುದು, ರಿಜಿಸ್ಟರು ಇಡುವುದು, ಫೋಟೋಗಳನ್ನು ನೋಡಿಕೊಳ್ಳುವುದು ನನ್ನ ಪಾಲಿಗೆ ಬಂತು. ನಾನು ಎರಡು ನಿಯಮ ಮಾಡಿದೆ. ಫೋಟೋದಲ್ಲಿರುವವರು ಇಂಥವರೇ ಎಂದು ಮೂವರು ಒಂದೇ ಹೆಸರು ಹೇಳಿದರೆ ಮಾತ್ರ ಕಾರ್ಡಿನ ಮೇಲೆ ಬರೆಯುವುದು. ರಿಜಿಸ್ಟರಿಗೆ ಏರಿದ ವಸ್ತುವನ್ನು ಯಾರು ಬಂದು ಕೇಳಿದರೂ ಹೊರಗೆ ಕೊಡದಿರುವುದು. ಒಬ್ಬ ಪುಣ್ಯಾತ್ಮ ತಾನೇ ತಂದುಕೊಟ್ಟ ಹಿತ್ತಾಳೆ ದೀಪವನ್ನು ವಾರದೊಳಗೆ ವಾಪಸು ಒಯ್ದಿದ್ದ. ಎರಡನೇ ನಿಯಮ ಹುಟ್ಟಿದ್ದು ಅವತ್ತು. ಅದನ್ನು ಕೆಂಪು ಶಾಯಿಯಲ್ಲಿ ಬರೆದು ಗೋಡೆಗೆ ಅಂಟಿಸಿದ್ದೆ.

ಸಿರುಗುಪ್ಪದಲ್ಲಿ ಮುಚ್ಚಿಹೋದ ಒಂದು ಫೋಟೋ ಸ್ಟುಡಿಯೋದವರು ಒಂದು ಟ್ರಂಕು ತುಂಬ ಹಳೆಯ ಫೋಟೋ ಕೊಟ್ಟರು. ಅದರಲ್ಲಿ ದೊಡ್ಡದು, ರಟ್ಟಿಗೆ ಅಂಟಿಸಿದ್ದು ಒಂದಿತ್ತು. ಅಕ್ಕಿ ಮಿಲ್ಲಿನ ಅಂಗಳ, ಹಿಂದೆ ಗೋಡೆ, ಮುಂದೆ ಭತ್ತ ಕುದಿಸಿ ಒಣಗಿಸುವ ಕೂಲಿ ಹೆಂಗಸರು ಮೂರು ಸಾಲಾಗಿ. ಮೊದಲ ಸಾಲು ನೆಲದ ಮೇಲೆ ಕೂತಿದೆ, ಎರಡನೆಯದು ಬೆಂಚಿನ ಮೇಲೆ, ಮೂರನೆಯದು ನಿಂತಿದೆ. ಮೂರನೇ ಸಾಲಿನ ಕೊನೆಯಲ್ಲಿ ಒಬ್ಬಳು ಫೋಟೋ ತೆಗೆಯುವ ಹೊತ್ತಿಗೆ ಮುಖ ತಿರುಗಿಸಿದ್ದಳು. ಅವಳ ಮುಖ ಸ್ವಲ್ಪ ಅಲುಗಿದಂತೆ ಬಂದಿತ್ತು. ಉಳಿದವರೆಲ್ಲ ಚೆನ್ನಾಗಿ ಕಾಣುತ್ತಿದ್ದರು.

ಚೀಲದಲ್ಲಿ ಫೋಟೋ, ಭೂತಗನ್ನಡಿ, ಒಂದು ನೋಟ್‌ಬುಕ್ಕು ಇಟ್ಟುಕೊಂಡು ಬಸ್ಸು ಹತ್ತಿ ಊರೂರು ತಿರುಗಿದೆ. ಎರಡು ತಿಂಗಳಲ್ಲಿ ಹೆಚ್ಚುಕಡಿಮೆ ಎಲ್ಲರ ಹೆಸರೂ ಸಿಕ್ಕವು, ಆ ಕೊನೆಯವಳದ್ದು ಬಿಟ್ಟು. ಸಿರುಗುಪ್ಪದಲ್ಲಿ ಅದೇ ಮಿಲ್ಲಿನ ಗುಮಾಸ್ತರಾಗಿದ್ದ ಶೇಷಗಿರಿರಾಯರು ಕನ್ನಡಕ ಏರಿಸಿ ನೋಡಿ, "ಅಯ್ಯೋ, ಇಕಿ ನಮ್ಮ ಅಕ್ಕ ಪದ್ದಕ್ಕ ಅಲ್ಲೇನ್ರಿ! ಹುಬ್ಬಿನ ಮ್ಯಾಲೆ ಸುಟ್ಟ ಕಲಿ ನೋಡ್ರಿ" ಎಂದರು. ಅವರ ಅಕ್ಕ ಕೂಲಿಗೆ ಹೋದವರೇ ಅಲ್ಲ, ಮದುವೆಯಾಗಿ ಆದೋನಿಗೆ ಹೋಗಿ ಅಲ್ಲೇ ತೀರಿಕೊಂಡವರು. ಕುರುಗೋಡಿನ ಬಟ್ಟೆ ಹೊಲಿಯುವ ರತ್ನಮ್ಮ ಎಂಬಾಕೆ ಅದೇ ಮುಖ ನೋಡಿ, "ನಮ್ಮವ್ವ ಸಾರ್" ಎಂದು ಅತ್ತಳು. ಇಬ್ಬರ ಮಾತನ್ನೂ ಬರೆದುಕೊಂಡು ಒಳಗೊಳಗೇ ನಕ್ಕೆ. ಮುಖ ಸ್ಪಷ್ಟವಿಲ್ಲದಿದ್ದರೆ ಅವರವರಿಗೆ ಬೇಕಾದವರು ಕಾಣುತ್ತಾರೆ, ಇದರಲ್ಲೇನು ಮಹಾ? ತಿಪ್ಪೇಸ್ವಾಮಿಗೂ ಹಾಗೇ ವಿವರಿಸಿದೆ. ವಿವರಿಸುವಾಗ ನನಗೆ ನನ್ನ ಬುದ್ಧಿಯ ಮೇಲೆ ಬಹಳ ಪ್ರೀತಿ ಬಂದಿತ್ತು.

ಸಿರಿಗೇರಿಯ ಹಂಪಮ್ಮನ ಮನೆಗೆ ಹೋದದ್ದು ಆಮೇಲೆ. ಎಂಬತ್ತು ದಾಟಿದ ಮುದುಕಿ, ಹಿಂದೆ ಆ ಮಿಲ್ಲಿಗೆ ಸುಗ್ಗಿ ಕಾಲದಲ್ಲಿ ಹೋಗುತ್ತಿದ್ದವಳು. ಮಗ ಬಸವರಾಜ ಟ್ರಾಕ್ಟರ್ ಓಡಿಸುತ್ತಾನೆ. ಮಧ್ಯಾಹ್ನ ಮೂರರ ಬಿಸಿಲು. ಕಟ್ಟೆಯ ಮೇಲೆ ಕೂತು ಆಕೆ ಬೆರಳಿಟ್ಟು ಒಬ್ಬೊಬ್ಬರನ್ನೇ ಹೆಸರಿಸುತ್ತಾ ಬಂದಳು. ಮೂರನೇ ಸಾಲಿನ ಕೊನೆಗೆ ಬಂದ ಬೆರಳು ಅಲ್ಲೇ ನಿಂತಿತು.

"ಇಕಿ ನನ ಮಗಳು ದುರುಗಮ್ಮ" ಎಂದಳು.

ನಾನು ನೋಟ್‌ಬುಕ್ಕು ತೆಗೆದೆ, ಈ ಮುಖಕ್ಕೆ ಇವಳು ಮೂರನೆಯವಳು ಎಂದುಕೊಂಡೆ. ಬಸವರಾಜ ಮುಜುಗರದಿಂದ ಹೇಳಿದ. "ನಮ್ಮಕ್ಕ ರೀ ಸಾರ್. ಹದಿನೆಂಟಕ್ಕ ಜರ ಬಂದು ಮೂರು ದಿನದಾಗ ಹೋಗಿಬಿಟ್ಲಂತ. ಮಿಲ್ಲಿಗೆ ಹೋದಾಕಿನೇ ಅಲ್ಲ. ಆಕಿದು ಒಂದು ಫೋಟೋನೂ ಇಲ್ಲ. ನಾನು ಸಣ್ಣಾವ, ಮುಖಾನೇ ನೆನಪಿಲ್ಲ ನನಗ."

ಹಂಪಮ್ಮ ಅವನ ಮಾತು ಕೇಳಿಸಿಕೊಂಡಂತೆ ಕಾಣಲಿಲ್ಲ. "ಕಿವಿ ನೋಡ್ರಿ ಮೇಷ್ಟ್ರೇ. ಎಡಗಿವಿ ಹರದೈತಿ. ಇವ ಕೂಸಿದ್ದಾಗ ಆಕಿ ಎತ್ಕಂಡು ಆಡಸತಿದ್ಲು, ಬೆಂಡೋಲಿ ಹಿಡದು ಜಗ್ಗಿ ಹರದುಬಿಟ್ಟ. ಬೈಯಾಕ ಬಿಡಲಿಲ್ಲ ನನ್ನ. ಅದಕ್ಕ ಏನು ತಿಳೀತದವ್ವ ಅಂದ್ಲು" ಎಂದಳು.

ಆಕೆಯ ಸಮಾಧಾನಕ್ಕೆಂದು ಭೂತಗನ್ನಡಿ ಹಿಡಿದೆ. ಎಡಗಿವಿಯ ಹಾಲೆ ಎರಡು ಸೀಳಾಗಿತ್ತು. ಮಬ್ಬುಮಬ್ಬಾಗಿ ಅಲ್ಲ, ಸೀಳಿನ ಅಂಚು ಗಾಯ ಮಾಗಿದ ಮೇಲೆ ಹೇಗೆ ದುಂಡಗಾಗುತ್ತದೋ ಹಾಗೆ ಸ್ಪಷ್ಟವಾಗಿತ್ತು. ಎರಡು ತಿಂಗಳಿಂದ ಆ ಮುಖವನ್ನು ನೋಡುತ್ತಿದ್ದೆ. ಕಿವಿ, ಮೂಗು ತಿದ್ದುತ್ತಲೇ ಮೂವತ್ತು ವರ್ಷ ಕಳೆದವನಿಗೆ ಅದು ಹೇಗೆ ತಪ್ಪಿತು ಎಂದು ನಾಚಿಕೆಯಾಯಿತು. ಅವತ್ತು ಆದದ್ದು ನಾಚಿಕೆ ಮಾತ್ರ. ನೋಟ್‌ಬುಕ್ಕಿನಲ್ಲಿ, "ಎಡಗಿವಿ ಹರಿದಿದೆ, ನಾನೇ ನೋಡಿದೆ" ಎಂದು ಬರೆದುಕೊಂಡೆ. ಆ ಸಾಲು ಈಗಲೂ ಇದೆ.

ಆಕೆ ಫೋಟೋವನ್ನು ಮಡಿಲಲ್ಲಿ ಇಟ್ಟುಕೊಂಡು ಒಂದು ಮಾತು ಕೇಳಿದಳು. ಮಹಾಲಯ ಅಮಾವಾಸ್ಯೆಗೆ ಹತ್ತು ದಿನ ಉಳಿದಿತ್ತು. ನಮ್ಮ ಕಡೆ ಅವತ್ತು ಸತ್ತ ಹಿರಿಯರ ಫೋಟೋ ಸಾಲಾಗಿ ಇಟ್ಟು, ಮುಂದೆ ಹೊಸ ಬಟ್ಟೆ ಇಟ್ಟು, ಅಡುಗೆ ಮಾಡಿ ಎಡೆ ಹಾಕುತ್ತಾರೆ. ತೆಲುಗು ಮಾತಾಡುವವರು ಪೆದ್ದಲ ಅಮಾಸಿ ಎನ್ನುತ್ತಾರೆ. ಮದುವೆಯಾಗದೆ ಹೋದ ಮಗಳ ಎಡೆ ತಾಯಿಯ ಮನೆಯಲ್ಲೇ ಆಗಬೇಕು. ದುರುಗಮ್ಮನ ಎಡೆಯ ಹಿಂದೆ ಮಾತ್ರ ಪ್ರತಿ ವರ್ಷ ಬರೀ ಗೋಡೆ.

"ಎಲ್ಲಾರೂ ಇರತಾರ, ಆಕಿ ಒಬ್ಬಾಕಿ ಇರಲ್ಲ. ಹಬ್ಬ ಆಗಾತನ ಬಿಟ್ಟು ಹೋಗ್ರಿ ಯಪ್ಪಾ. ಆಮ್ಯಾಲೆ ಇವ ತಂದು ಕೊಡತಾನ" ಎಂದಳು.

"ಕೊಡಾಕ ಬರಲ್ಲವ್ವಾ, ಇದು ರಿಜಿಸ್ಟರಿಗೆ ಏರಿಬಿಟ್ಟೈತಿ" ಎಂದೆ. "ಒಬ್ಬರಿಗೆ ಕೊಟ್ರ ಎಲ್ಲಾರೂ ಕೇಳತಾರ. ಇದರಂಗೇ ಇನ್ನೊಂದು ಮಾಡಿಸಿ ನಿನಗ ಅಂತ ತಂದುಕೊಡತೀನಿ. ಅದು ಕಾಯಂ ನಿನ್ನ ಹತ್ರಾನೇ ಇರತೈತಿ."

ನ್ಯಾಯವಾಗಿಯೇ ಮಾತಾಡಿದ್ದೇನೆ ಅಂದುಕೊಂಡೆ. ಹಂಪಮ್ಮ ವಾದ ಮಾಡಲಿಲ್ಲ. ಸೆರಗಿನಿಂದ ಫೋಟೋದ ಧೂಳು ಒರೆಸಿ ಕೈಗೆ ಕೊಟ್ಟು, "ಆಕಿ ಬಂದಾಳ, ನೀವು ಕರಕಂಡು ಹೊಂಟೀರಿ" ಎಂದಳು.

ಬಳ್ಳಾರಿಯಲ್ಲಿ ಪ್ರತಿ ಮಾಡಿಸಲು ಕೊಟ್ಟೆ. ಅಂಗಡಿಯವನಿಗೆ ಹಳೆಯ ಮದುವೆ ಆರ್ಡರುಗಳು ಬಾಕಿಯಿದ್ದವು, ಇವತ್ತು ನಾಳೆ ಎಂದು ಏಳು ದಿನ ಹೋಯಿತು. ಕೊನೆಗೆ ಸಿಕ್ಕ ಪ್ರತಿಯನ್ನು ಅಲ್ಲೇ ಕೌಂಟರಿನ ಮೇಲೆ ಇಟ್ಟು ಭೂತಗನ್ನಡಿ ಹಿಡಿದೆ. ಕಿವಿಯ ಹಾಲೆ ಸರಿಯಾಗಿತ್ತು. ಅದರಲ್ಲಿ ಒಂದು ಓಲೆಯೂ ಇತ್ತು. ನೀವೇನಾದರೂ ತಿದ್ದಿದಿರಾ ಎಂದು ರೇಗಿದೆ. ಅವನು ಇಲ್ಲ ಸಾರ್ ಎಂದು ಮೂಲ ಫೋಟೋವನ್ನೇ ಮುಂದೆ ಇಟ್ಟ. ಅದರಲ್ಲೂ ಕಿವಿ ಸರಿಯಾಗಿತ್ತು, ಓಲೆ ಇತ್ತು. ಮುಖ ಮೊದಲಿನ ಹಾಗೇ ಅಲುಗಿದ ಮುಖ. ನಾನು ಹೊರಗೆ ಬಂದು ಪಕ್ಕದ ಚಹಾ ಅಂಗಡಿಯ ಬೆಂಚಿನ ಮೇಲೆ ಕೂತೆ. ಬಿಸಿಲಿನಲ್ಲಿ ಕಣ್ಣು ಮೋಸ ಮಾಡಿತ್ತು, ಮುದುಕಿ ಹೇಳಿದ್ದಕ್ಕೆ ಹಾಗೆ ಕಂಡಿತ್ತು ಎಂದು ನನಗೆ ನಾನೇ ಹೇಳಿಕೊಂಡೆ.

ಅಮಾವಾಸ್ಯೆಯ ಹಿಂದಿನ ದಿನ ಪ್ರತಿಯ ಜೊತೆಗೆ ಮೂಲ ಫೋಟೋವನ್ನೂ ಟವೆಲಿನಲ್ಲಿ ಸುತ್ತಿಕೊಂಡು ಸಿರಿಗೇರಿ ಬಸ್ಸು ಹತ್ತಿದೆ. ನನ್ನ ನಿಯಮವನ್ನು ನಾನೇ ಮುರಿದೆ, ತಿಪ್ಪೇಸ್ವಾಮಿಗೂ ಹೇಳಲಿಲ್ಲ. ಹಂಪಮ್ಮನ ಮನೆ ಸಾರಿಸಿತ್ತು. ಗೋಡೆಗೆ ಒರಗಿಸಿ ಗಂಡನ ಫೋಟೋ, ಅತ್ತೆ ಮಾವನ ಫೋಟೋ ಇಟ್ಟು, ನಡುವೆ ಜಾಗ ಬಿಟ್ಟಿದ್ದಳು. ಆಕೆ ಪ್ರತಿಯನ್ನು ನೋಡಿ ಪಕ್ಕಕ್ಕೆ ಇಟ್ಟಳು. ಮೂಲವನ್ನು ಬಾಗಿಲ ಬೆಳಕಿಗೆ ಒಯ್ದು ನೋಡಿದಳು, ತಿರುಗಿಸಿ ನೋಡಿದಳು.

"ಇಕಿ ಯಾರೋ. ನಮ್ಮಾಕಿ ಅಲ್ಲ" ಎಂದಳು.

"ಅವತ್ತು ನೀನೇ ಹೇಳಿದ್ದಿ ಅಲ್ಲವ್ವಾ. ಕಿವಿ ನಾನೂ ನೋಡೀನಿ. ಫೋಟೋ ಇದೇ, ಬ್ಯಾರೆ ಅಲ್ಲ."

"ಅವತ್ತು ಇದ್ಲು. ಈಗಿಲ್ಲ." ಆಕೆಯ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. "ಬಸ್ಸು ಬರೋದು ಹೊತ್ತಾಗತೈತಿ, ಚಾ ಕುಡದು ಹೋಗ್ರಿ" ಎಂದು ಒಳಗೆ ಹೋದಳು. ನಾನು ಚಹಾವನ್ನು ಅರ್ಧಕ್ಕೇ ಇಟ್ಟು ಎದ್ದೆ. ಬಸವರಾಜ ಬಸ್ ಸ್ಟ್ಯಾಂಡಿನವರೆಗೆ ಗಾಡಿಯಲ್ಲಿ ಬಿಟ್ಟ.

ಸುಮ್ಮನಿರಲಾರದೆ ಹಬ್ಬ ಕಳೆದ ಮೇಲೆ ಉಳಿದಿಬ್ಬರಿಗೂ ಫೋಟೋ ತೋರಿಸಿದೆ. ರತ್ನಮ್ಮ ಅಲ್ಲ ಎಂದು ತಲೆ ಅಲ್ಲಾಡಿಸಿದಳು. ಶೇಷಗಿರಿರಾಯರು, "ಯಾರೋ ಕೂಲಿ ಹೆಂಗಸು ಇರಬೇಕ್ರಿ. ನಮ್ಮ ಅಕ್ಕ ಅಂತ ನಾನ್ಯಾವಾಗ ಅಂದೆ? ಆಕಿ ಮಿಲ್ಲಿಗೆ ಯಾಕ ಹೋಗತಾಳ?" ಎಂದು ಸ್ವಲ್ಪ ಬೇಸರ ಮಾಡಿಕೊಂಡರು. ನೋಟ್‌ಬುಕ್ಕು ತೆರೆದು ಅವರ ಮಾತನ್ನು ಅವರಿಗೇ ತೋರಿಸಿದೆ. ನಿಮ್ಮ ಅಕ್ಷರ ಬಹಳ ಚೆಂದ ಎಂದರು. ಹುಬ್ಬಿನ ಮೇಲೆ ಕಲೆ ಇರಲಿಲ್ಲ. ಆ ಹೆಂಗಸನ್ನು ಈಗ ಯಾರೂ ಗುರುತಿಸುವುದಿಲ್ಲ. ಎಲ್ಲರ ಹೆಸರಿರುವ ಕಾರ್ಡಿನಲ್ಲಿ ಕೊನೆಯ ಸ್ಥಾನಕ್ಕೆ ಒಂದು ಗೆರೆ ಎಳೆದು ಬಿಟ್ಟೆ.

ಆ ಕಾರ್ಡನ್ನು ನೋಡುವವರೂ ಬರಲಿಲ್ಲ. ಮ್ಯೂಸಿಯಂ ಶುರುವಾಗುವ ಮೊದಲೇ ಕೋಣೆಗಳು ಬೇರೆ ಯಾವುದಕ್ಕೋ ಬೇಕಾದವು. ಸಾಮಾನುಗಳನ್ನು ಒಂದು ಗೋಡೌನಿಗೆ ಸಾಗಿಸಿದರು. ಬೀಸುವ ಕಲ್ಲಿನ ಮೇಲೆ ಟ್ರಂಕು, ಟ್ರಂಕಿನ ಮೇಲೆ ಮುರಿದ ಕುರ್ಚಿಗಳು. ತಿಪ್ಪೇಸ್ವಾಮಿಗೆ ದೂರದ ಊರಿಗೆ ವರ್ಗವಾಯಿತು. ಬೀಗದ ಕೈ ಯಾರ ಹತ್ತಿರ ಇದೆ ಎಂದು ಕೇಳಿದರೆ ಒಬ್ಬರು ಇನ್ನೊಬ್ಬರ ಹೆಸರು ಹೇಳುತ್ತಾರೆ. ಕೇಳುವುದನ್ನು ನಾನೂ ಬಿಟ್ಟಿದ್ದೇನೆ.

ಹಂಪಮ್ಮ ಮುಂದಿನ ಬೇಸಗೆಯಲ್ಲಿ ತೀರಿಕೊಂಡಳು. ನನಗೆ ಗೊತ್ತಾದದ್ದು ಆ ವರ್ಷದ ಅಮಾವಾಸ್ಯೆ ಹತ್ತಿರ ಬಂದಾಗ, ಬಸವರಾಜ ಫೋನು ಮಾಡಿದ ಮೇಲೆ. "ಸಾರ್, ನಮ್ಮವ್ವಂದು ಫೋಟೋ ಏನಾರ ಹೊಡದಿದ್ರೇನ್ರಿ? ಆಧಾರ್ ಕಾರ್ಡಿನಾಗ ಇರೋದು ನಮ್ಮವ್ವನಂಗೇ ಇಲ್ರಿ. ಎಡಿ ಇಡಾಕ ಬೇಕಿತ್ತು" ಎಂದ.

ನೋಡಿ ಹೇಳುತ್ತೇನೆ ಎಂದು ಫೋನಿನಲ್ಲಿ ಹುಡುಕಿದೆ. ಮೊದಲ ಸಲ ಹೋದಾಗ ಅವರ ಮನೆಯಲ್ಲಿ ಮ್ಯೂಸಿಯಂಗೆಂದು ನಾನು ತೆಗೆದ ಹನ್ನೊಂದು ಫೋಟೋ ಇದ್ದವು. ಒರಳುಕಲ್ಲು, ಮೊರ, ಭತ್ತದ ಕಣಜ, ಬಾಗಿಲ ಚಿಲಕ. ಒರಳುಕಲ್ಲಿನ ಫೋಟೋದ ಒಂದು ಅಂಚಿನಲ್ಲಿ ಸುಕ್ಕುಗಟ್ಟಿದ ಒಂದು ಕೈ ಇದೆ. ನೆರಳು ಬೀಳುತ್ತದೆ, ಸ್ವಲ್ಪ ಸರಿದು ನಿಲ್ಲವ್ವಾ ಎಂದು ನಾನೇ ಹೇಳಿದ್ದೆ. ಆಕೆ ಸರಿದಿದ್ದಳು.

ಇಲ್ಲ ಬಸವರಾಜ ಎಂದು ಹೇಳಲು ಅರ್ಧ ದಿನ ಬೇಕಾಯಿತು. ಕಣ್ಣಾರೆ ನೋಡಿದ ಆ ಕಿವಿ ಎಲ್ಲಿ ಹೋಯಿತೋ ನನಗೆ ಇವತ್ತಿಗೂ ತಿಳಿಯದು. ಅವತ್ತು ಮಧ್ಯಾಹ್ನ ಫೋಟೋವನ್ನು ಆಕೆಯ ಮಡಿಲಲ್ಲೇ ಬಿಟ್ಟು ಬಂದಿದ್ದರೆ ಮಗಳು ಅದರಲ್ಲಿ ಉಳಿಯುತ್ತಿದ್ದಳೋ ಇಲ್ಲವೋ, ಅದೂ ತಿಳಿಯದು. ಬಸವರಾಜ ಆ ವರ್ಷ ಎರಡು ಎಡೆ ಬರೀ ಗೋಡೆಗೆ ಇಟ್ಟ.