ಮಾಯಕ್ಕನ ತಾಂಬಿ

ಮಾಡಗ್ಯಾಳದ ಕುರಿಗಾರ ಹರಿಬಾನ ಹೆಂಡತಿ ಮಾಯಕ್ಕ ಜೀವಮಾನದಲ್ಲಿ ಒಂದೇ ಒಂದು ಕೆಲಸವನ್ನು ಯಾರನ್ನೂ ಕೇಳದೆ ಮಾಡಿದ್ದಳು. ಎರಡನೆಯ ಮಗಳು ಯೋಗಿತಾ ಹುಟ್ಟಿದ ಮೇಲೆ, ಹದಿನೆಂಟು ವರ್ಷದ ಹಿಂದೆ, ಕೂಸಿಗೆ ಲಸಿಕೆ ಹಾಕಿಸುವ ನೆಪದಲ್ಲಿ ಸರಕಾರಿ ದವಾಖಾನೆಗೆ ಹೋಗಿ ತಾಂಬಿ ಹಾಕಿಸಿಕೊಂಡು ಬಂದಳು. ಬಸಿರಾಗದಂತೆ ಗರ್ಭಚೀಲದಲ್ಲಿ ಇಡುವ ಕಾಪರ್-ಟಿಗೆ ಆ ಕಡೆ ತಾಂಬಿ ಎನ್ನುತ್ತಾರೆ. ಹತ್ತು ವರ್ಷಕ್ಕೆ ತೆಗೆಸು ಎಂದು ನರ್ಸಬಾಯಿ ಹೇಳಿದ್ದಳು. ತೆಗೆಸಲು ಹೋದರೆ ಹಾಕಿಸಿಕೊಂಡಿದ್ದು ಮನೆಯವರಿಗೆ ಗೊತ್ತಾಗುತ್ತದೆ ಎಂದು ಮಾಯಕ್ಕ ಸುಮ್ಮನಾದಳು.

ಇದೇನೂ ಅರಿಯದ ಅತ್ತೆ, ಮೊಮ್ಮಗ ಹುಟ್ಟುವವರೆಗೆ ಚಪ್ಪಲಿ ಮೆಟ್ಟುವುದಿಲ್ಲ ಎಂದು ಹರಕೆ ಹೊತ್ತಳು. ಹದಿನೆಂಟು ವರ್ಷ ಜಾಲಿಮುಳ್ಳಿನ ನೆಲದಲ್ಲಿ ಬರಿಗಾಲಲ್ಲಿ ಕುರಿ ಕಾಯ್ದಳು. ಸಂಜೆ ಅವಳ ಅಂಗಾಲಿನ ಮುಳ್ಳು ತೆಗೆಯುವ ಕೆಲಸ ಸೊಸೆಯದು. ಅತ್ತೆ ಬೈಯುತ್ತಿದ್ದಳು, ಮಾಯಕ್ಕ ಮುಳ್ಳು ಕೀಳುತ್ತಿದ್ದಳು, ಬಾಯಿ ಮಾತ್ರ ಬಿಡುತ್ತಿರಲಿಲ್ಲ.

ಈ ವರ್ಷ ಕಿಬ್ಬೊಟ್ಟೆಯಲ್ಲಿ ಗಡ್ಡೆ ಕೈಗೆ ಸಿಗತೊಡಗಿತು, ಮೈ ಕಡ್ಡಿಯಾಯಿತು. ದೊಡ್ಡ ದವಾಖಾನೆಯ ಡಾಕ್ಟರು ಸ್ಕ್ಯಾನ್ ನೋಡಿ, ಒಳಗೆ ಬಿಳಿ ಗೆರೆಯೊಂದು ಕಾಣುತ್ತದೆ, ತಾಂಬಿ ಇದೆಯೇ ಎಂದು ಕೇಳಿದರು. ಮಗ್ಗುಲಲ್ಲಿ ಅತ್ತೆ, ಬಾಗಿಲಲ್ಲಿ ಗಂಡ. ನಿಜ ಎನ್ನುವುದು ಬಿಸಿ ತುಪ್ಪವಾಯಿತು, ನುಂಗುವಂತಿಲ್ಲ, ಉಗುಳುವಂತಿಲ್ಲ.

"ಇಲ್ರಿ," ಎಂದಳು ಮಾಯಕ್ಕ.

"ನಮ್ಮ ಸೊಸಿ ಅಂಥಾಕಿ ಅಲ್ರಿ," ಎಂದು ಅತ್ತೆ ಸಾಕ್ಷಿ ನುಡಿದಳು.

ಹಾಗಾದರೆ ಇದು ಕ್ಯಾನ್ಸರೇ ಇರಬೇಕು ಎಂದು ಡಾಕ್ಟರು ಆಪರೇಶನ್ನಿಗೆ ದಿನ ಕೊಟ್ಟರು.

ಸಾಯುವವಳ ಮೇಲೆ ಯಾರು ಸಿಟ್ಟಾಗುತ್ತಾರೆ? ಹರಿಬಾ ಹೆಂಡತಿಯ ಕಾಲೊತ್ತಿದ. ಅತ್ತೆ ತಲೆ ಹಿಕ್ಕಿ ಹೆರಳು ಹಾಕಿದಳು, ಮಗಳೇ ಎಂದು ಕರೆದಳು. ಆ ಮನೆಯಲ್ಲಿ ಮಾಯಕ್ಕ ಸುಖ ಕಂಡಿದ್ದು ಆ ಹದಿನೈದು ದಿನ ಮಾತ್ರ. ಎರಡು ಸಲ ತಾಂಬಿಯ ಮಾತು ನಾಲಿಗೆಯ ತುದಿಗೆ ಬಂತು. ಹೇಗೂ ಸಾಯುವವಳು, ಗುಟ್ಟೂ ಜೊತೆಗೇ ಮಣ್ಣಾಗಲಿ ಎಂದುಕೊಂಡಳು.

ಆಪರೇಶನ್ ಆಗಿ ವಾರದ ಮೇಲೆ ಡಾಕ್ಟರು ನಗುತ್ತ ವಾರ್ಡಿಗೆ ಬಂದರು. ಕ್ಯಾನ್ಸರ್ ಅಲ್ಲ, ಬರೀ ಸೋಂಕು, ಕೆಲವು ತಿಂಗಳು ಗುಳಿಗೆ ತಿಂದರೆ ಸಾಕು ಎಂದರು. ಹರಿಬಾ ಅವರ ಕಾಲಿಗೆ ಬಿದ್ದ. ಆಮೇಲೆ ಡಾಕ್ಟರು ಮಾಯಕ್ಕನನ್ನು ಗದರಿದರು. ತಾಂಬಿ ವರ್ಷಗಟ್ಟಲೆ ಒಳಗೇ ಉಳಿದಿದ್ದಕ್ಕೆ ಈ ಅಪರೂಪದ ಸೋಂಕು ಬೆಳೆದಿತ್ತು. ಕೇಳಿದಾಗ ಹೇಳಿದ್ದರೆ ಗುಳಿಗೆಯಲ್ಲೇ ಗಡ್ಡೆ ಕರಗುತ್ತಿತ್ತು, ಗರ್ಭಚೀಲ ಕೊಯ್ದು ತೆಗೆಯುವ ಪ್ರಸಂಗವೇ ಬರುತ್ತಿರಲಿಲ್ಲ.

ಡಾಕ್ಟರು ಹೋದ ಮೇಲೆ ಅತ್ತೆ ಬಹಳ ಹೊತ್ತು ತನ್ನ ಅಂಗಾಲು ನೋಡಿಕೊಂಡು ಕೂತಳು.

"ಯಾವಾಗ ಹಾಕಿಸ್ಕೊಂಡಿ?"

"ಯೋಗಿತಾ ಹುಟ್ಟಿದಾಗ್ರಿ, ಅತ್ತಿ."

"ಕ್ಯಾನ್ಸರ ಆಗಿದ್ರ ಮಣ್ಣ ಕೊಟ್ಟು ಅಳತಿದ್ನಿ," ಎಂದಳು ಅತ್ತೆ.

ಮಂಚದ ಕೆಳಗಿದ್ದ ಮಾಯಕ್ಕನ ಚಪ್ಪಲಿಯನ್ನು ಕಾಲಿನಿಂದಲೇ ಎಳೆದು, ಮೆಟ್ಟಿಕೊಂಡು ಹೊರನಡೆದಳು. ಹರಿಬಾ ಚೀಲ ಎತ್ತಿಕೊಂಡು ತಾಯಿಯ ಹಿಂದೆ ಹೋದ, ತಿರುಗಿ ನೋಡಲಿಲ್ಲ.

ಮೂರನೆಯ ದಿನ ಡಿಸ್ಚಾರ್ಜ್ ಆಯಿತು. ಕರೆದೊಯ್ಯಲು ಯಾರೂ ಬರಲಿಲ್ಲ. ಹೊಲಿಗೆ ಹಾಕಿದ ಹೊಟ್ಟೆಯನ್ನು ಕೈಯಲ್ಲಿ ಹಿಡಿದುಕೊಂಡು ಮಾಯಕ್ಕ ತವರೂರು ತಿಕೋಂಡಿಯ ಬಸ್ಸಿಗೆಂದು ಬರಿಗಾಲಲ್ಲಿ ನಡೆದಳು.