ಕೊರಿಯಾ ಯುದ್ಧ ಮತ್ತು ನನ್ನ ಪಂಚಮಿ

ನಮ್ಮ ಮಾವನವರು ಹುಬ್ಬಳ್ಳಿಯಾಚೆ ಊರು ಕಂಡವರಲ್ಲ. ಆದರೆ ಕೊರಿಯಾ ಯುದ್ಧವನ್ನು ಗಜೇಂದ್ರಗಡದ ಪಡಸಾಲೆಯಲ್ಲಿ ಕೂತೇ ನಡೆಸುತ್ತಿದ್ದರು. ಯುದ್ಧ ಶುರುವಾದ ವರ್ಷ ಹತ್ತಿಗೆ ಒಳ್ಳೆಯ ದರ ಬಂದಿತ್ತು. ಹತ್ತಿ ವ್ಯಾಪಾರಿಯಾದ ಅವರಿಗೆ ಅಂದಿನಿಂದ ಆ ಯುದ್ಧದ ಮೇಲೆ ಮನೆಮಗನ ಮೇಲಿನಷ್ಟು ಮಮತೆ.

ನನಗೋ ಅದರ ಹೆಸರು ಕೇಳಿದರೆ ಮೈ ಉರಿಯುತ್ತಿತ್ತು. ಮುಶಿಗೇರಿಯ ನನ್ನ ತವರಿನಲ್ಲಿ ಇದ್ದವರು ಅವ್ವ ಮತ್ತು ಒಬ್ಬ ಅಣ್ಣ. ಅಣ್ಣ ಸೈನ್ಯದ ದವಾಖಾನೆಯಲ್ಲಿದ್ದ. ಗಾಯಾಳುಗಳನ್ನು ನೋಡಿಕೊಳ್ಳಲು ನಮ್ಮ ದೇಶ ಕಳಿಸಿದ ತುಕಡಿಯೊಂದಿಗೆ ಕೊರಿಯಾಕ್ಕೆ ಹೋಗಿದ್ದ. ಬಂದೂಕು ಹಿಡಿಯುವವನಲ್ಲ, ಪಟ್ಟಿ ಕಟ್ಟುವವನು. ಗುಂಡಿಗೆ ಅದು ಗೊತ್ತಾಗುತ್ತದೆಯೇ?

ನಮ್ಮ ಕಡೆ ನಾಗರಪಂಚಮಿಗೆ ಅಣ್ಣನೇ ಬಂದು ತಂಗಿಯನ್ನು ತವರಿಗೆ ಕರೆದೊಯ್ಯಬೇಕು. ಅವನು ಬರದಿದ್ದರೆ ಜೋಕಾಲಿಯೂ ಇಲ್ಲ, ಉಂಡಿಯೂ ಇಲ್ಲ. ಹಿಂದಿನ ವರ್ಷದ ಹಬ್ಬ ಹಾಗೇ ಹೋಗಿತ್ತು. ಈ ಸಲವಾದರೂ ಅವನು ಜೀವಂತ ಬಂದು ಬಾಗಿಲಲ್ಲಿ ನಿಲ್ಲಬೇಕು, ನನಗೆ ಬೇಕಾದದ್ದು ಅಷ್ಟೇ.

ಸಂಜೆ ಮಾವ ಪತ್ರಿಕೆ ಓದುವರು, ಓಣಿಯ ಹಿರಿಯರು ಕೇಳುವರು. ಒಂದು ದಿನ ಯಾರೋ ಅಂದರು: "ಅಮೆರಿಕಾದ ಮಂದಿಗೇ ಬ್ಯಾಸರಾಗೇದಂತ್ರಿ. ಸಾಕ್ ಮಾಡ್ರಿ ಅನ್ನಾಕತ್ತಾರಂತ."

"ಹಂಗ ಬಿಟ್ಟು ಬಂದ್ರ ಹ್ಯಾಂಗ?" ಎಂದರು ಮಾವ. "ಇಷ್ಟ ಮಂದಿ ಸತ್ತಾರ. ಸತ್ತವರಿಗೆ ಏನ್ ಜವಾಬ ಹೇಳೂದು?"

ಸೊಸೆಯಾದವಳು ಮಾವನ ಮುಂದೆ ತುಟಿ ಬಿಚ್ಚಬಾರದು. ಬಾಗಿಲ ಮರೆಯಲ್ಲಿ ಶೇಂಗಾ ಸುಲಿಯುತ್ತಿದ್ದ ನನ್ನ ಬಾಯಿಂದ ಮಾತು ಜಾರಿಯೇ ಬಿಟ್ಟಿತು: "ಇನ್ನೂ ಸಾಯದವ್ರಿಗೆ ಏನ್ ಹೇಳ್ತೀರಿ?"

ಅತ್ತೆ ನನ್ನ ತೋಳು ಚಿವುಟಿದರು. ಮಾವ ಅತ್ತೆಯ ಕಡೆ ತಿರುಗಿ, "ಅಕೀಗೆ ಹೇಳು," ಎಂದರು. "ಯುದ್ಧದಾಗ ಸೆರಿ ಸಿಕ್ಕವರೊಳಗ ಎಷ್ಟೋ ಮಂದಿ ತಮ್ಮೂರಿಗೆ ಹೋಗಾಕ ಒಲ್ಲೆ ಅಂತಾರ. ಲಗೂ ಮುಗಸಬೇಕಂತ ಅವರನ್ನ ಕೈ ಕಟ್ಟಿ ಕಳಸಬೇಕೇನು? ಸಂಧಾನದ ಮಾತುಕತಿ ನಿಂತದ್ದು ಅದಕ್ಕ."

"ತಮ್ಮ ಮನಿಗೆ ಹೋಗಾಕ ಒಲ್ಲೆ ಅನ್ನವ್ರೂ ಇರ್ತಾರ?" ಅತ್ತೆಗೆ ನಂಬಿಕೆಯೇ ಬರಲಿಲ್ಲ.

ನನಗೆ ಸಿಟ್ಟು ಬಂತು, ಏಕೆಂದರೆ ಅದು ಹತ್ತಿಯ ಮಾತಾಗಿರಲಿಲ್ಲ, ನ್ಯಾಯದ ಮಾತು. ಒಲ್ಲೆ ಎಂದವನನ್ನು ಎಳೆದೊಯ್ಯುವುದು ತಪ್ಪು. ಅವನ ಒಲ್ಲೆಗಾಗಿ ನನ್ನ ಅಣ್ಣ ಗುಂಡಿನ ಕೆಳಗೆ ಕೂರುವುದೂ ತಪ್ಪೇ. ಎರಡರಲ್ಲಿ ಯಾವುದು ಸಣ್ಣ ತಪ್ಪು ಎಂದು ಇಂದಿಗೂ ನನಗೆ ತಿಳಿಯದು.

ಶ್ರಾವಣ ಹತ್ತಿರ ಬಂದಾಗ ಮಾವ ಪತ್ರಿಕೆ ಹಿಡಿದುಕೊಂಡೇ ಒಳಗೆ ಬಂದರು. "ಕದನ ವಿರಾಮ ಆತು!"

"ವಿರಾಮ ಅಂದ್ರ?" ಎಂದರು ಅತ್ತೆ. "ನಾಟಕದಾಗ ಚಾ ಕುಡ್ಯಾಕ ಬಿಡ್ತಾರಲ್ಲ, ಹಂಗೇನು? ಮತ್ತ ಗಂಟಿ ಹೊಡೀತಾರ?"

ನಾವೆಲ್ಲ ಹೊಟ್ಟೆ ಹಿಡಿದು ನಕ್ಕೆವು. ಆ ವಿರಾಮವೇ ಇನ್ನೂ ನಡೆದಿದೆಯಂತೆ, ಅತ್ತೆಯ ಪ್ರಶ್ನೆಗೆ ಉತ್ತರ ಸಿಕ್ಕಿಲ್ಲ. ನಾನಂತೂ ಯುದ್ಧ ನಿಂತ ಮೇಲೆ ಅಣ್ಣ ಸಂತೆ ಮುಗಿಸಿದವನಂತೆ ನೇರ ಮನೆಗೆ ಬರುತ್ತಾನೆಂದು ತಿಳಿದು ಸೀರೆ ಮಡಚಿ ಟ್ರಂಕು ತುಂಬಿಟ್ಟೆ. ಬಂದದ್ದು ಸುದ್ದಿ ಮಾತ್ರ: ಅಣ್ಣ ಆರಾಮಿದ್ದಾನೆ, ಆದರೆ ರೋಗಿಗಳನ್ನು ಬಿಟ್ಟು ತುಕಡಿ ಈಗಲೇ ಹೊರಡುವಂತಿಲ್ಲ. ಆರಾಮಿದ್ದಾನೆಂದು ಕುಣಿದೆ, ಬರುವುದಿಲ್ಲವೆಂದು ಕಣ್ಣೀರು ಹಾಕಿದೆ.

ಹಬ್ಬದ ಹಿಂದಿನ ದಿನ ಅಂಗಳದಲ್ಲಿ ಎತ್ತಿನ ಗೆಜ್ಜೆ ಕೇಳಿಸಿತು. ನೋಡಿದರೆ ಮಾವ ಬಂಡಿ ಹೂಡುತ್ತಿದ್ದಾರೆ!

"ಪಂಚಮಿಗೆ ಮಾವ ಸೊಸಿನ್ನ ತವರಿಗೆ ಬಿಡೂದ ಎಲ್ಲ್ಯರ ಉಂಟ? ಮಂದಿ ನಗತಾರ," ಎಂದರು ಅತ್ತೆ.

"ನಗ್ಲಿ. ಹಬ್ಬದ ದಿನ ನಗೂದ ಚಲೋ."

ಮುಶಿಗೇರಿಯಲ್ಲಿ ಅವ್ವ ಬೀಗರನ್ನು ಕಂಡು ಕಕ್ಕಾಬಿಕ್ಕಿಯಾದಳು. ಅಣ್ಣನಿಗೆಂದು ಕಟ್ಟಿಟ್ಟ ಎಳ್ಳುಂಡಿಯನ್ನು ಅವರ ಕೈಗೇ ಕೊಟ್ಟಳು. ತಿನ್ನುತ್ತಲೇ ಬಂಡಿ ಹತ್ತಿದ ಮಾವ ಮೊದಲ ಸಲ ನೇರವಾಗಿ ನನಗೇ ಹೇಳಿದರು: "ಬೇಕಾದಷ್ಟ ದಿನ ಇರವ್ವಾ. ಕರಿಯಾಕ ನಾವಾಗಿ ಬರೂದಿಲ್ಲ. ಬರಬೇಕನ್ನಿಸಿದಾಗ ಹೇಳಿ ಕಳಸು. ಒಲ್ಲೆ ಅಂದವರನ್ನ ಕೈ ಕಟ್ಟಿ ಒಯ್ಯೂದು ನನಗ ಸೇರೂದಿಲ್ಲ."

ಜೋಕಾಲಿಯ ಹಗ್ಗ ಬಿಚ್ಚುವ ಮೊದಲೇ, ಬಂದು ಕರಕೊಂಡು ಹೋಗ್ರಿ ಎಂದು ನಾನು ಹೇಳಿ ಕಳಿಸಿದೆ.